ಮೋಟರ್ ಕೊನೆಗೆ, ಪ್ರೊಪೆಲ್ಲರ್ ಮೊದಲು

ರಿಮೋಟಿನಿಂದ ಓಡುವ ಮಾದರಿ ಸಬ್‌ಮರೀನ್ ಮಾಡಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ಮೋಟರ್ ಹಾಕಲಿ? ನಿಮ್ಮಲ್ಲಿ ಹಲವರು ಮಾದರಿ ವಿಮಾನದಿಂದ ಈ ಕಡೆ ಬಂದವರು, ಕೆಲವರು ಕಾರಿನಿಂದ. ಅಲ್ಲಿ ಈ ಪ್ರಶ್ನೆ ಸರಿಯಾದದ್ದೇ. ವಿಮಾನಕ್ಕೆ ತೂಕದ ಭಯ, ಕಾರಿಗೆ ವೇಗದ ಆಸೆ. ಎರಡಕ್ಕೂ ಮೋಟರಿನ ತಾಕತ್ತೇ ಮುಖ್ಯ. ಸಬ್‌ಮರೀನಿಗೆ ಈ ಎರಡೂ ಇಲ್ಲ. ತೂಕ ಕಡಿಮೆಯಾದರೆ ನಾವೇ ಸೀಸ ಹಾಕಿ ಜಾಸ್ತಿ ಮಾಡುತ್ತೇವೆ. ವೇಗ ಜಾಸ್ತಿಯಾದರೆ ಮುಳುಗಿದ ಮಾದರಿ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಅದಕ್ಕೇ ನನ್ನ ಉತ್ತರ ಯಾವಾಗಲೂ ಇಷ್ಟೇ. ಮೋಟರನ್ನು ಕೊನೆಗೆ ಆರಿಸಿ. ನೀರಿನ ಕಡೆಯಿಂದ ಒಳಗೆ ಬನ್ನಿ. ಎಷ್ಟು ವೇಗ ಬೇಕು, ಅದಕ್ಕೆ ಎಂಥ ಪ್ರೊಪೆಲ್ಲರ್, ಅದನ್ನು ಹೊತ್ತ ಶಾಫ್ಟ್ ನೀರು ಬಿಡದಂತೆ ಒಳಗೆ ಬರುವುದು ಹೇಗೆ, ಆ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು. ಇಷ್ಟು ಗೊತ್ತಾದರೆ ಮೋಟರ್ ಯಾವುದು ಅನ್ನುವುದು ಹೆಚ್ಚುಕಡಿಮೆ ತಾನೇ ತೀರ್ಮಾನ ಆಗಿರುತ್ತದೆ.

ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ಮಾದರಿ ಇಟ್ಟುಕೊಳ್ಳೋಣ. ನಮ್ಮ ನೌಕಾಪಡೆಯ ಐ.ಎನ್.ಎಸ್. ಕಲ್ವರಿ. ಮುಂಬೈನ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಸ್ಕಾರ್ಪೀನ್ ಮಾದರಿಯ ಸಬ್‌ಮರೀನ್, 2017ರ ಡಿಸೆಂಬರ್‌ನಲ್ಲಿ ಸೇವೆಗೆ ಸೇರಿತು. ಉದ್ದ 67.5 ಮೀಟರ್, ಒಡಲಿನ ವ್ಯಾಸ 6.2 ಮೀಟರ್, ನೀರಿನ ಕೆಳಗೆ ಸುಮಾರು 20 ನಾಟ್ ವೇಗ, ಹಿಂದೆ ಒಂದೇ ಪ್ರೊಪೆಲ್ಲರ್. ಯಾವ ಅಳತೆಯಲ್ಲಿ ಮಾಡುವುದು? ಪುಸ್ತಕದವರು 1/72 ಅನ್ನುತ್ತಾರೆ. ನಾನು 1/69 ಅನ್ನುತ್ತೇನೆ. ಯಾಕೆ ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ 90 ಮಿ.ಮೀ. ಪಿ.ವಿ.ಸಿ. ಪೈಪ್ ಸಿಗುತ್ತದೆ. 6.2 ಮೀಟರನ್ನು 90 ಮಿ.ಮೀ.ಗೆ ಇಳಿಸಿದರೆ ಬರುವುದೇ 1/69. ಪೈಪ್ ನೋಡಿ ಅಳತೆ ಗೊತ್ತು ಮಾಡುವುದರಲ್ಲಿ ನಾಚಿಕೆ ಏನೂ ಇಲ್ಲ. ಉದ್ದ 98 ಸೆಂಟಿಮೀಟರ್ ಬರುತ್ತದೆ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಬಹುದು. ಹೊರಗಿನ ಒಡಲಿನೊಳಗೆ ನೀರು ಬಿಡುತ್ತೇವೆ. ಅದರ ಒಳಗೆ 75 ಮಿ.ಮೀ. ಅಕ್ರಿಲಿಕ್ ಕೊಳವೆ, ಸುಮಾರು 60 ಸೆಂಟಿಮೀಟರ್ ಉದ್ದದ್ದು. ಬ್ಯಾಟರಿ, ಮೋಟರ್, ರಿಸೀವರ್ ಎಲ್ಲ ಈ ಒಣ ಕೊಳವೆಯಲ್ಲಿ.

ಈಗ ವೇಗ. 20 ನಾಟ್ ಅಂದರೆ ಸೆಕೆಂಡಿಗೆ 10.3 ಮೀಟರ್. ಮಾದರಿ ಹಡಗು ಮಾಡುವವರು ಬಳಸುವ ಹಳೆಯ ಸೂತ್ರ ಒಂದಿದೆ. ನಿಜವಾದ ವೇಗವನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು. 69ರ ವರ್ಗಮೂಲ 8.3. ಹಾಗಾಗಿ ನಮ್ಮ ಮಾದರಿಗೆ ಸೆಕೆಂಡಿಗೆ 1.24 ಮೀಟರ್. ಈ ಸೂತ್ರ ಹುಟ್ಟಿದ್ದು ಹಡಗು ಮೇಲ್ಮೈಯಲ್ಲಿ ಎಬ್ಬಿಸುವ ಅಲೆಯ ಲೆಕ್ಕದಿಂದ. ಪೂರ್ತಿ ಮುಳುಗಿದ ಸಬ್‌ಮರೀನ್ ಅಲೆ ಎಬ್ಬಿಸುವುದಿಲ್ಲ, ಆದ್ದರಿಂದ ಅಲ್ಲಿ ಇದು ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ. ಆದರೂ ಕಣ್ಣಿಗೆ ನಿಜ ಅನ್ನಿಸುವ ವೇಗ ಇದೇ. ಇನ್ನೊಂದು ಲೆಕ್ಕವೂ ಹಾಕಿ ನೋಡಿ. 25 ಮೀಟರ್ ಉದ್ದದ ಈಜುಕೊಳವನ್ನು ಈ ವೇಗದಲ್ಲಿ 20 ಸೆಕೆಂಡಿನಲ್ಲಿ ದಾಟುತ್ತದೆ. ಇಪ್ಪತ್ತೇ ಸೆಕೆಂಡು! ಇದಕ್ಕಿಂತ ಜೋರಾಗಿ ಹೋಗಿ ಏನು ಮಾಡುವುದು? ಗೋಡೆಗೆ ಗುದ್ದುವುದು, ಅಷ್ಟೇ.

ಈ ವೇಗಕ್ಕೆ ಎಷ್ಟು ಶಕ್ತಿ ಬೇಕು ಅಂತ ಕೇಳಿದರೆ ಹೊಸಬರು ನಂಬುವುದೇ ಇಲ್ಲ. ಒಡಲಿನ ಮೇಲ್ಮೈ ಎಷ್ಟಿದೆ, ನೀರು ಎಷ್ಟು ಉಜ್ಜುತ್ತದೆ, ಮೇಲಿನ ಗೋಪುರ, ರೆಕ್ಕೆಗಳು, ನೀರು ಹೋಗುವ ತೂತುಗಳು ಎಷ್ಟು ತಡೆಯುತ್ತವೆ ಎಂದೆಲ್ಲ ಲೆಕ್ಕ ಹಾಕಿದರೆ 1.24 ಮೀಟರ್ ವೇಗದಲ್ಲಿ ಒಟ್ಟು ತಡೆ ಸುಮಾರು 130 ಗ್ರಾಂ ತೂಕದಷ್ಟು. ಒಂದು ಲೋಟ ಕಾಫಿ ಎತ್ತುವ ಬಲ. ಇದನ್ನು ವೇಗದಿಂದ ಗುಣಿಸಿದರೆ ಒಂದೂವರೆ ವ್ಯಾಟ್ ಚಿಲ್ಲರೆ. ಪ್ರೊಪೆಲ್ಲರ್ ಅರ್ಧ ನುಂಗುತ್ತದೆ, ಗೇರ್ ಮತ್ತು ಸೀಲ್ ಸ್ವಲ್ಪ ತಿನ್ನುತ್ತವೆ, ಮೋಟರ್ ತನ್ನ ಪಾಲು ಬಿಸಿ ಮಾಡಿಕೊಳ್ಳುತ್ತದೆ. ಎಲ್ಲ ಸೇರಿ ಬ್ಯಾಟರಿಯಿಂದ 6ರಿಂದ 8 ವ್ಯಾಟ್ ಹೋದರೆ ಹೆಚ್ಚು. ಎರಡು ಲಿಥಿಯಂ ಸೆಲ್ ಸರಣಿಯಲ್ಲಿಟ್ಟರೆ 7.4 ವೋಲ್ಟ್, ಅಂದರೆ ಬರೀ ಒಂದು ಆಂಪಿಯರ್.

ಈಗ ಅದನ್ನೇ ಎರಡು ಪಟ್ಟು ವೇಗದಲ್ಲಿ ಓಡಿಸುತ್ತೇನೆ ಅನ್ನಿ. ತಡೆ ನಾಲ್ಕು ಪಟ್ಟು ಆಗುತ್ತದೆ, ಶಕ್ತಿ ಎಂಟು ಪಟ್ಟು. 8 ವ್ಯಾಟ್ ಇದ್ದದ್ದು 60 ವ್ಯಾಟ್ ದಾಟುತ್ತದೆ. ಅದರಲ್ಲಿ ಅರ್ಧದಷ್ಟು ಶಾಖವಾಗಿ ಒಳಗೇ ಉಳಿಯುತ್ತದೆ, ಅದೂ ಮುಚ್ಚಿದ ಕೊಳವೆಯಲ್ಲಿ. ವಿಮಾನದ ಮೋಟರಿಗೆ ಪ್ರೊಪೆಲ್ಲರಿನ ಗಾಳಿಯೇ ಫ್ಯಾನ್. ಇಲ್ಲಿ ಗಾಳಿ ಆಡುವುದಿಲ್ಲ. ಈ ಶಾಖದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ನೀರು ಒಳಗೆ ಬರುವುದಕ್ಕೂ ಅದಕ್ಕೂ ಸಂಬಂಧ ಇದೆ.

ಅದಕ್ಕೂ ಮೊದಲು ಒಂದು ಪ್ರಶ್ನೆ ಇತ್ಯರ್ಥ ಆಗಬೇಕು. ನಿಮ್ಮ ಸಬ್‌ಮರೀನ್ ಮುಳುಗುವುದು ಹೇಗೆ? ಎರಡು ದಾರಿ ಇವೆ. ಬ್ಯಾಲಸ್ಟ್ ಟ್ಯಾಂಕಿಗೆ ನೀರು ತುಂಬಿ ಮುಳುಗುವುದು ಒಂದು. ಟ್ಯಾಂಕೇ ಇಲ್ಲದೆ, ತುಸು ತೇಲುವ ಹಾಗೆ ತೂಕ ಹೊಂದಿಸಿ, ವೇಗವಾಗಿ ಹೋಗುತ್ತಾ ಡೈವ್ ಪ್ಲೇನ್ (ಪಕ್ಕದ ಅಡ್ಡ ರೆಕ್ಕೆಗಳು) ಬಗ್ಗಿಸಿ ಮೂತಿ ಕೆಳಗೆ ಮಾಡಿ ಮುಳುಗುವುದು ಇನ್ನೊಂದು. ಎರಡನೆಯದರಲ್ಲಿ ಮುಳುಗಿಸುವ ಬಲ ಬರುವುದೇ ವೇಗದಿಂದ. ಪೂರ್ತಿ ವೇಗದಲ್ಲಿ ಪ್ಲೇನ್‌ಗಳು 100 ಗ್ರಾಂ ಕೆಳಗೆ ಒತ್ತುತ್ತವೆ ಅಂತ ಇಟ್ಟುಕೊಳ್ಳಿ. ಅರ್ಧ ವೇಗದಲ್ಲಿ ಅದು 25 ಗ್ರಾಂ ಮಾತ್ರ. ಮಾದರಿ 50 ಗ್ರಾಂ ತೇಲುವಂತೆ ಇದ್ದರೆ ಅರ್ಧ ವೇಗದಲ್ಲಿ ಅದು ಮುಳುಗುವುದೇ ಇಲ್ಲ, ಮೇಲೇ ಮೂತಿ ಆಡಿಸಿಕೊಂಡು ಹೋಗುತ್ತದೆ. ಹಾಗಾಗಿ ಟ್ಯಾಂಕ್ ಇಲ್ಲದ ಮಾದರಿಗೆ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ವೇಗ ಬೇಕು. ಅದನ್ನು ಮೊದಲೇ ಸೇರಿಸಿಕೊಳ್ಳಿ. ಟ್ಯಾಂಕ್ ಇರುವ ಮಾದರಿಗೆ ಬೇಕಾದದ್ದು ಬೇರೆ. ಅದು ನಿಂತಲ್ಲೇ ನಿಲ್ಲಬಲ್ಲದು, ಆದ್ದರಿಂದ ಅತಿ ನಿಧಾನವಾಗಿ, ತಡವರಿಸದೆ ತಿರುಗುವ ಪ್ರೊಪೆಲ್ಲರ್ ಬೇಕು. ಒಂದಕ್ಕೆ ಹೇಳಿ ಮಾಡಿಸಿದ ಮೋಟರ್ ಇನ್ನೊಂದಕ್ಕೆ ಹೊಂದದೆ ಹೋಗುವುದು ಇಲ್ಲೇ.

ಪ್ರೊಪೆಲ್ಲರಿಗೆ ಬರೋಣ. ನಿಯಮ ಸುಲಭ. ಒಡಲಿಗೆ ಒಪ್ಪುವ ಅತಿ ದೊಡ್ಡದನ್ನು ಹಾಕಿ, ಅದನ್ನು ನಿಧಾನವಾಗಿ ತಿರುಗಿಸಿ. ಚಿಕ್ಕ ಪ್ರೊಪೆಲ್ಲರ್ ಸ್ವಲ್ಪ ನೀರನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ದೊಡ್ಡದು ಜಾಸ್ತಿ ನೀರನ್ನು ಮೆಲ್ಲಗೆ ತಳ್ಳುತ್ತದೆ. ಎಳೆತ ಎರಡರಲ್ಲೂ ಒಂದೇ, ಆದರೆ ಎಸೆದ ನೀರಿನ ವೇಗದಲ್ಲಿ ಪೋಲಾಗುವ ಶಕ್ತಿ ಚಿಕ್ಕದರಲ್ಲಿ ಜಾಸ್ತಿ. ನಮ್ಮ ಕಲ್ವರಿಗೆ 50 ಮಿ.ಮೀ. ವ್ಯಾಸ ಸರಿ, ಒಡಲಿನ ಅರ್ಧಕ್ಕಿಂತ ತುಸು ಜಾಸ್ತಿ. ಪಿಚ್ ಕೂಡ 50 ಮಿ.ಮೀ. ಇರಲಿ. ಒಂದು ಸುತ್ತಿಗೆ 50 ಮಿ.ಮೀ. ಮುಂದೆ ಹೋಗಬೇಕಾದ್ದು, ಜಾರಿಕೆ ಕಾಲುಭಾಗ ತೆಗೆದರೆ 37 ಮಿ.ಮೀ. ಹೋಗುತ್ತದೆ. ಸೆಕೆಂಡಿಗೆ 1.24 ಮೀಟರ್ ಹೋಗಲು ಸೆಕೆಂಡಿಗೆ 33 ಸುತ್ತು, ಅಂದರೆ ನಿಮಿಷಕ್ಕೆ 2000 ಸುತ್ತಿನ ಆಸುಪಾಸು. ಈ 2000 ಅನ್ನುವ ಅಂಕಿ ನೆನಪಿಡಿ. ಇನ್ನು ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಏಳು ರೆಕ್ಕೆಯ, ಕತ್ತಿಯ ಹಾಗೆ ಬಾಗಿದ ಪ್ರೊಪೆಲ್ಲರ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ, ಚೆಂದ ಕಾಣುತ್ತದೆ. ನಿಜವಾದ ಸಬ್‌ಮರೀನಿಗೆ ಅದು ಬೇಕಾದ್ದು ಸದ್ದು ತಗ್ಗಿಸಲು, ಶತ್ರುವಿನ ಸೋನಾರ್‌ಗೆ ಸಿಗಬಾರದು ಅಂತ. ಈಜುಕೊಳದಲ್ಲಿ ನಿಮ್ಮನ್ನು ಯಾರೂ ಬೇಟೆಯಾಡುತ್ತಿಲ್ಲ. ಅಷ್ಟೇ ಪಿಚ್ ಇಟ್ಟು ರೆಕ್ಕೆ ಜಾಸ್ತಿ ಮಾಡಿದರೆ ಅದು ಮೋಟರನ್ನು ಜಾಸ್ತಿ ದುಡಿಸುತ್ತದೆ, ಇಷ್ಟು ನೆನಪಿದ್ದರೆ ಸಾಕು. ರೆಸಿನ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿದವು ಪೆಳಸು, ಕೊಳದ ಅಂಚಿಗೆ ತಾಗಿದರೆ ಚೂರು. ಪ್ರದರ್ಶನಕ್ಕೆ ಒಂದು, ಓಡಿಸಲು ಹಿತ್ತಾಳೆಯದ್ದೊಂದು ಇಟ್ಟುಕೊಳ್ಳುವವರೇ ಜಾಣರು.

ದೊಡ್ಡ ಪ್ರೊಪೆಲ್ಲರಿನಿಂದ ಒಂದು ಉಪದ್ರವವೂ ಇದೆ. ಪ್ರೊಪೆಲ್ಲರ್ ಬಲಕ್ಕೆ ತಿರುಗಿದರೆ ಒಡಲು ಎಡಕ್ಕೆ ವಾಲಲು ನೋಡುತ್ತದೆ. ಮೇಲ್ಮೈಯ ದೋಣಿಗೆ ಅಗಲವಾದ ತಳ ಇರುತ್ತದೆ, ಅದು ತಡೆಯುತ್ತದೆ. ಉರುಟಾದ ಪೈಪಿಗೆ ಆಧಾರ ಎಲ್ಲಿ? ತೇಲಿಸುವ ಬಲದ ಕೇಂದ್ರಕ್ಕಿಂತ ತೂಕದ ಕೇಂದ್ರ ಎಷ್ಟು ಕೆಳಗಿದೆಯೋ ಅಷ್ಟೇ ಆಧಾರ. ನಮ್ಮ ಮಾದರಿಯ ಒಣ ಭಾಗ ಸುಮಾರು 3 ಕೆ.ಜಿ. ಅನ್ನಿ, ಈ ಅಂತರ 5 ಮಿ.ಮೀ. ಅನ್ನಿ. 2000 ಸುತ್ತಿನಲ್ಲಿ ಓಡುವಾಗ ಅದು ಆರು ಡಿಗ್ರಿಯಷ್ಟು ವಾಲಿಕೊಂಡೇ ಹೋಗುತ್ತದೆ. ನೋಡಲು ಪರವಾಗಿಲ್ಲ. ನಿಂತಲ್ಲಿಂದ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರ ಇದರ ಎಷ್ಟೋ ಪಟ್ಟು ವಾಲುತ್ತದೆ. ಚುಕ್ಕಾಣಿ ಓರೆಯಾಗುತ್ತದೆ, ಓರೆಯಾದ ಚುಕ್ಕಾಣಿ ಡೈವ್ ಪ್ಲೇನಿನ ಕೆಲಸ ಮಾಡತೊಡಗುತ್ತದೆ, ಮಾದರಿ ತಿರುಗುವ ಬದಲು ಮುಳುಗುತ್ತದೆ. ಮದ್ದು ಏನು? ಬ್ಯಾಟರಿ ಮತ್ತು ಸೀಸವನ್ನು ಆದಷ್ಟು ತಳಕ್ಕೆ ಇಡಿ. ಅಂತರ 5ರಿಂದ 10 ಮಿ.ಮೀ.ಗೆ ಏರಿದರೆ ವಾಲುವುದು ಅರ್ಧಕ್ಕರ್ಧ ಇಳಿಯುತ್ತದೆ. ಥ್ರಾಟಲ್ ನಿಧಾನವಾಗಿ ಏರುವಂತೆ ರಿಮೋಟಿನಲ್ಲಿ ಹೊಂದಿಸಿ.

ಒಂದೇ ಶಾಫ್ಟಿನ ಮೇಲೆ ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್ ಹಾಕಿದರೆ ವಾಲುವ ಕಾಟವೇ ಇಲ್ಲ. ಟಾರ್ಪಿಡೊಗಳಲ್ಲಿ ಹಾಗೆಯೇ ಮಾಡುತ್ತಾರೆ. ಅಮೆರಿಕದವರು ಆಲ್ಬಕೋರ್ ಅಂತ ಒಂದು ಪ್ರಯೋಗದ ಸಬ್‌ಮರೀನ್ ಕಟ್ಟಿದ್ದರು, 1953ರದ್ದು. ಇವತ್ತಿನ ಸಬ್‌ಮರೀನ್‌ಗಳ ನೀರಹನಿಯ ಆಕಾರಕ್ಕೆ ಅದೇ ಹಿರಿಯಕ್ಕ. 1960ರ ದಶಕದಲ್ಲಿ ಅದಕ್ಕೂ ಎದುರುಬದುರು ಪ್ರೊಪೆಲ್ಲರ್ ಹಾಕಿ ನೋಡಿದರು, ವೇಗ ಏರಿತು. ಮನೆಯಲ್ಲಿ ಮಾಡಬಹುದಾ? ಮಾಡಿದವರಿದ್ದಾರೆ. ಶಾಫ್ಟಿನೊಳಗೆ ಶಾಫ್ಟ್, ಸೀಲಿನೊಳಗೆ ಸೀಲ್. ಲೇತ್ ಇದ್ದವರಿಗೆ ಮಾತ್ರ ಹೇಳಿದ್ದು ಅಂತ ನನ್ನ ಅಭಿಪ್ರಾಯ.

ಹಿಂಬದಿಯ ಬಗ್ಗೆ ಹೇಳುವಾಗ ಇನ್ನೊಂದು ವಿಷಯ. ಎರಡನೇ ಮಹಾಯುದ್ಧದ ಜರ್ಮನ್ ಟೈಪ್ 7 ಯು-ಬೋಟ್ ನೋಡಿ. ಎರಡು ಪ್ರೊಪೆಲ್ಲರ್, ಅವುಗಳ ಹಿಂದೆ ಎರಡು ಚುಕ್ಕಾಣಿ. ಪ್ರೊಪೆಲ್ಲರ್ ಎಸೆದ ನೀರು ನೇರ ಚುಕ್ಕಾಣಿಗೆ ಬಡಿಯುತ್ತದೆ. ಮಾದರಿ ನಿಂತಿದ್ದರೂ ಒಂದು ಸಲ ಥ್ರಾಟಲ್ ಕೊಟ್ಟರೆ ಮೂತಿ ತಿರುಗುತ್ತದೆ. ಈಗಿನ ಒಂಟಿ ಪ್ರೊಪೆಲ್ಲರಿನ ಸಬ್‌ಮರೀನ್‌ಗಳಲ್ಲಿ ಚುಕ್ಕಾಣಿ ಇರುವುದು ಪ್ರೊಪೆಲ್ಲರಿನ ಮುಂದೆ. ಎಸೆದ ನೀರು ಅದಕ್ಕೆ ತಾಗುವುದೇ ಇಲ್ಲ. ಮಾದರಿ ಚಲಿಸುತ್ತಿದ್ದರೆ ಮಾತ್ರ ತಿರುಗುತ್ತದೆ, ನಿಧಾನವಾದಷ್ಟೂ ಮೊಂಡು. ಚಿಕ್ಕ ಕೊಳದಲ್ಲಿ ಓಡಿಸುವವರಿಗೆ ಇದು ದೊಡ್ಡ ತಲೆನೋವು. ನಿಮಗಿರುವುದು ಚಿಕ್ಕ ಕೊಳ, ಇದು ನಿಮ್ಮ ಮೊದಲ ಸಬ್‌ಮರೀನ್ ಅಂತಾದರೆ ಟೈಪ್ 7 ಮಾಡುವುದೇ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಕಲ್ವರಿಯೇ ಬೇಕು ಅನ್ನುವವರು ಚುಕ್ಕಾಣಿಯನ್ನು ಅಳತೆಗಿಂತ ಸ್ವಲ್ಪ ದೊಡ್ಡದು ಮಾಡಿ. ಯಾರೂ ಟೇಪು ಹಿಡಿದು ಬರುವುದಿಲ್ಲ.

ಈಗ ಶಾಫ್ಟ್ ಒಳಗೆ ಬರುವ ಜಾಗ. ಮುಚ್ಚಿದ ಕೊಳವೆಯಲ್ಲಿ ತಿರುಗುವ ಭಾಗ ಹೊರಗೆ ಹೋಗುವ ತೂತು ಇದೊಂದೇ. ಚುಕ್ಕಾಣಿಯ ಕಡ್ಡಿಗಳು ಹಿಂದೆ ಮುಂದೆ ಆಡುತ್ತವೆ, ಅವಕ್ಕೆ ರಬ್ಬರ್ ಬೆಲ್ಲೋಸ್ (ಮಡಿಕೆಯ ತೋಳು) ಹಾಕಿದರೆ ಮುಗಿಯಿತು. ಶಾಫ್ಟಿಗೆ ತುಟಿಯಿರುವ ಚಿಕ್ಕ ಆಯಿಲ್ ಸೀಲ್ ಬೇಕು. ಎರಡು ಹಾಕಿ, ನಡುವೆ ಗ್ರೀಸ್ ತುಂಬಿ. ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲಿನದಾಗಲಿ, 4 ಮಿ.ಮೀ., ಕನ್ನಡಿಯಂತೆ ನುಣುಪಾಗಿ. ಉಗುರು ಎಳೆದರೆ ಗೀರು ತಾಗಬಾರದು. 4 ಮಿ.ಮೀ. ಶಾಫ್ಟ್ 2000 ಸುತ್ತಿನಲ್ಲಿ ತಿರುಗಿದರೆ ಸೀಲಿನ ತುಟಿಯ ಮೇಲೆ ಸೆಕೆಂಡಿಗೆ 42 ಸೆಂಟಿಮೀಟರ್ ಉಜ್ಜುತ್ತದೆ. ಅದೇ ಶಾಫ್ಟನ್ನು ಮೋಟರಿಗೆ ನೇರ ಸಿಕ್ಕಿಸಿ 12,000 ಸುತ್ತಿನಲ್ಲಿ ತಿರುಗಿಸಿದರೆ ಎರಡೂವರೆ ಮೀಟರ್. ಗ್ರೀಸ್ ಬಿಸಿಯಾಗಿ ಹರಿದು ಹೋಗುತ್ತದೆ, ತುಟಿ ಸವೆಯುತ್ತದೆ. ನಿಧಾನ ಶಾಫ್ಟಿನ ಪರವಾಗಿ ನನ್ನ ದೊಡ್ಡ ವಾದ ಇದೇ. ಬ್ಯಾಟರಿ ಉಳಿಯುವುದು ಆಮೇಲಿನ ಮಾತು.

ಕೆರೆಯಲ್ಲಿ ಓಡಿಸುವವರು ಇದನ್ನೂ ಕೇಳಿ. ಗಾಳದ ನೈಲಾನ್ ದಾರ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮೆಲ್ಲಗೆ ಹಿಂದಿನಿಂದ ಶಾಫ್ಟಿಗುಂಟ ಸೀಲಿನೊಳಗೆ ನುಸುಳಿ ತುಟಿಯನ್ನು ಕತ್ತರಿಸುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಓಡಿಸಿದ ಮೇಲೆ ಪ್ರೊಪೆಲ್ಲರ್ ಬಿಚ್ಚಿ ನೋಡಿ.

ಶಾಖದ ಮಾತಿಗೆ ಮತ್ತೆ ಬರುತ್ತೇನೆ ಅಂದಿದ್ದೆ. ಬಿಸಿಲಲ್ಲಿ ಮುಚ್ಚಳ ಹಾಕಿದಾಗ ಕೊಳವೆಯ ಗಾಳಿ 30 ಡಿಗ್ರಿ ಇದೆ ಅನ್ನಿ. ಮೋಟರ್ ಓಡಿ ಅದು 45 ಡಿಗ್ರಿ ಆದರೆ ಒಳಗಿನ ಒತ್ತಡ ನೂರಕ್ಕೆ ಐದರಷ್ಟು ಏರುತ್ತದೆ. 75 ಮಿ.ಮೀ. ಕೊಳವೆಯ ಮುಚ್ಚಳಕ್ಕೆ ಅದು 2 ಕೆ.ಜಿ. ತೂಕದ ತಳ್ಳು. ಸೀಲಿನ ಅಂಚಿನಿಂದ ಒಂದೆರಡು ಗುಳ್ಳೆ ಹೊರಗೆ ಹೋಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಮೋಟರ್ ನಿಲ್ಲಿಸಿ ತಣ್ಣೀರಿನಲ್ಲಿ ಬಿಡುತ್ತೀರಿ. ಗಾಳಿ ಕುಗ್ಗುತ್ತದೆ, ಹೋದ ಗುಳ್ಳೆಯ ಜಾಗ ತುಂಬಲು ಹೊರಗಿನ ನೀರನ್ನು ಅದೇ ಅಂಚಿನಿಂದ ಒಳಗೆ ಎಳೆಯುತ್ತದೆ. ಓಡುವಾಗ ಸೋರದ ಮಾದರಿ ನಿಂತಾಗ ಸೋರುವುದು ಹೀಗೆ. ಜನ ಸೀಲನ್ನು ಬೈಯುತ್ತಾರೆ, ತಪ್ಪು ಮೋಟರಿನದ್ದು. 8 ವ್ಯಾಟಿನ ಮಾದರಿಯಲ್ಲಿ ಈ ಕತೆ ನಡೆಯುವುದು ಕಷ್ಟ. 60 ವ್ಯಾಟಿನದರಲ್ಲಿ ಸುಲಭ. ಮೋಟರನ್ನು ಅಲ್ಯೂಮಿನಿಯಂ ಮುಚ್ಚಳಕ್ಕೆ ಬಿಗಿಯಾಗಿ ತಾಗಿಸಿ ಕೂರಿಸಿದರೆ ಶಾಖ ನೇರ ನೀರಿಗೆ ಹೋಗುತ್ತದೆ. ಅಕ್ರಿಲಿಕ್ ಮುಚ್ಚಳವಾದರೆ ಅದು ಕಂಬಳಿ ಹೊದ್ದ ಹಾಗೆಯೇ ಉಳಿಯುತ್ತದೆ.

ಈಗ ಮೋಟರ್. ಈ ಹೊತ್ತಿಗೆ ನಮಗೆ ಏನು ಬೇಕು ಅಂತ ಗೊತ್ತಾಗಿದೆ ಅಲ್ವಾ? 7.4 ವೋಲ್ಟಿನಲ್ಲಿ, ಶಾಫ್ಟಿನಲ್ಲಿ 2000 ಸುತ್ತು, ಮೂರೂವರೆ ನಾಲ್ಕು ವ್ಯಾಟ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ 380 ಗಾತ್ರದ ಮೋಟರ್ 7.4 ವೋಲ್ಟಿಗೆ 15,000 ಸುತ್ತಿನ ಹತ್ತಿರ ಹೋಗುತ್ತದೆ. ಅದನ್ನು ಇಳಿಸಬೇಕು. ತ್ರೀಡಿ ಪ್ರಿಂಟರಿನಲ್ಲಿ ಬಳಸುವ ಜಿಟಿ2 ಬೆಲ್ಟ್ ನನಗೆ ಇಷ್ಟ, ಸದ್ದೇ ಇಲ್ಲ. ಆದರೆ ಕೊಳವೆಯ ಒಳವ್ಯಾಸ 69 ಮಿ.ಮೀ. ಶಾಫ್ಟ್ ನಟ್ಟನಡುವೆ ಇರಲೇಬೇಕು. 28 ಮಿ.ಮೀ. ದಪ್ಪದ ಮೋಟರನ್ನು ನಡುವಿನಿಂದ 20 ಮಿ.ಮೀ.ಗಿಂತ ಆಚೆ ಸರಿಸಲು ಆಗುವುದಿಲ್ಲ, ಗೋಡೆ ತಾಗುತ್ತದೆ. ಆ 20 ಮಿ.ಮೀ.ಯಲ್ಲಿ 16 ಹಲ್ಲಿನ ಪುಲ್ಲಿ ಮತ್ತು 40 ಹಲ್ಲಿನ ಪುಲ್ಲಿ ಕೂರುತ್ತವೆ. 60 ಹಲ್ಲಿನದು ಕೂರುವುದಿಲ್ಲ. ಹಾಗಾಗಿ ಎರಡೂವರೆ ಪಟ್ಟು ಇಳಿಕೆ ಅಷ್ಟೇ ಸಾಧ್ಯ. 15,000ವನ್ನು ಎರಡೂವರೆಯಿಂದ ಭಾಗಿಸಿದರೆ 6000. ಸಾಲದು.

ಇದಕ್ಕೆ ಒಂದು ಉಪಾಯ, 12 ವೋಲ್ಟಿಗೆ ಸುಮಾರು 10,000 ಸುತ್ತು ತಿರುಗುವ ನಿಧಾನದ ಮೋಟರ್ ತಂದು 7.4 ವೋಲ್ಟಿನಲ್ಲಿ ಓಡಿಸುವುದು. ಆಗ ಖಾಲಿ ಓಟ 6200 ಆಗುತ್ತದೆ, ಬೆಲ್ಟ್ ದಾಟಿ 2470, ನೀರಿನ ಹೊರೆ ಬಿದ್ದಾಗ 2000ಕ್ಕೆ ಬಂದು ನಿಲ್ಲುತ್ತದೆ. ಕಡಿಮೆ ವೋಲ್ಟಿನಲ್ಲಿ ಓಡುವ ಮೋಟರ್ ಬಿಸಿಯೂ ಆಗುವುದಿಲ್ಲ. ಇನ್ನೊಂದು ಉಪಾಯ, ಮೋಟರಿನ ಜೊತೆಗೇ ಬರುವ ಪ್ಲಾನೆಟರಿ ಗೇರ್‌ಬಾಕ್ಸ್. ಮೋಟರೂ ಶಾಫ್ಟೂ ಒಂದೇ ರೇಖೆಯಲ್ಲಿ ಬರುತ್ತವೆ, ಜಾಗದ ತಂಟೆ ಇಲ್ಲ. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಗೇರ್ ಮೋಟರ್‌ಗಳು ರಾಶಿ ರಾಶಿ. ಆದರೆ ಅಲ್ಲಿ ರೊಬೊಟಿಗೆ ಅಂತ ಇಟ್ಟಿರುವವು ಹೆಚ್ಚಾಗಿ 100ರಿಂದ 1000 ಸುತ್ತಿನವು, ನಮಗೆ ತೀರ ನಿಧಾನ. ಮೇಲೆ ಅಂಟಿಸಿದ ಚೀಟಿಯಲ್ಲಿ ವೋಲ್ಟೂ ಸುತ್ತೂ ಎರಡನ್ನೂ ಓದಿ. ಒಂದನ್ನೇ ಓದಿದರೆ ಪ್ರಯೋಜನ ಇಲ್ಲ.

ಬ್ರಷ್‌ಲೆಸ್, ಅಂದರೆ ಒಳಗೆ ಉಜ್ಜುವ ಬ್ರಷ್ ಇಲ್ಲದ ಮೋಟರ್ ಹಾಕಬಾರದಾ? ವಿಮಾನದವರ ಕಣ್ಣಿನಲ್ಲೇ ಈ ಪ್ರಶ್ನೆ ಕಾಣುತ್ತಿದೆ. ಹಾಕಬಹುದು. ಕೆ.ವಿ. (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಅಂಕಿ) 300ರ ಸುತ್ತಮುತ್ತ ಇರುವ ಔಟ್‌ರನ್ನರ್ (ಹೊರಕವಚವೇ ತಿರುಗುವ ಮೋಟರ್) 7.4 ವೋಲ್ಟಿಗೆ 2200 ಸುತ್ತು ಕೊಡುತ್ತದೆ, ಗೇರೇ ಬೇಡ. ತೊಡಕು ಇರುವುದು ನಿಧಾನದ ಓಟದಲ್ಲಿ. ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಮೋಟರ್ ತಾನು ಎಲ್ಲಿದ್ದೇನೆ ಅಂತ ತಿಳಿಯುವುದೇ ತಿರುಗತೊಡಗಿದ ಮೇಲೆ. ಹೊರಡುವಾಗ ಜಗ್ಗುತ್ತದೆ, ನಡುಗುತ್ತದೆ, ಕೆಲವೊಮ್ಮೆ ಹಿಂದಕ್ಕೇ ಒಂದು ಹೆಜ್ಜೆ ಹಾಕುತ್ತದೆ. ಟ್ಯಾಂಕ್ ಇರುವ ಮಾದರಿಯನ್ನು ಬೆರಳಿನಷ್ಟು ಬೆರಳಿನಷ್ಟು ಸರಿಸಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಸೆನ್ಸರ್ ಇರುವ ಮೋಟರೂ ಅದಕ್ಕೆ ತಕ್ಕ ಕಂಟ್ರೋಲರೂ ತಂದರೆ ಸರಿಹೋಗುತ್ತದೆ, ಖರ್ಚು ಏರುತ್ತದೆ. ನನ್ನ ಓಟು ಇನ್ನೂ ಹಳೆಯ ಬ್ರಷ್ ಮೋಟರಿಗೇ. ಅದರ ಎಲ್ಲ ಗುಣಗಳೂ ವಿಮಾನಕ್ಕೆ ದೋಷ, ಸಬ್‌ಮರೀನಿಗೆ ಲಾಭ.

ಸ್ಪೀಡ್ ಕಂಟ್ರೋಲರ್ ತರುವಾಗ ಹಿಂದಕ್ಕೂ ಓಡಿಸುತ್ತದೆಯಾ ನೋಡಿ. ವಿಮಾನದ್ದು ಸಾಮಾನ್ಯವಾಗಿ ಓಡಿಸುವುದಿಲ್ಲ. ಕಾರಿನದ್ದು ಓಡಿಸುತ್ತದೆ, ಆದರೆ ಮೊದಲು ಬ್ರೇಕ್, ರಿಮೋಟಿನ ಕಡ್ಡಿ ನಡುವಿಗೆ ತಂದು ಮತ್ತೆ ಎಳೆದರೆ ರಿವರ್ಸ್. ಗೋಡೆ ಹತ್ತಿರ ಬಂದಾಗ ಈ ಎರಡು ಸಲದ ಆಟಕ್ಕೆ ಸಮಯ ಇರುವುದಿಲ್ಲ. ದೋಣಿಯದ್ದು ನೇರ ರಿವರ್ಸ್ ಆಗುತ್ತದೆ, ಅದೇ ಬೇಕು. ಬ್ಯಾಟರಿ ಇಳಿದಾಗ ಕಂಟ್ರೋಲರ್ ಮೋಟರ್ ನಿಲ್ಲಿಸುವುದು ಇನ್ನೊಂದು ಸಂಗತಿ. ಟ್ಯಾಂಕ್ ಇಲ್ಲದ ಮಾದರಿ ನಿಂತರೆ ತಾನೇ ತೇಲಿ ಬರುತ್ತದೆ, ಒಳ್ಳೆಯದೇ ಆಯಿತು. ಟ್ಯಾಂಕಿನಲ್ಲಿ ನೀರು ತುಂಬಿದ ಮಾದರಿ ನಿಂತರೆ ಅಲ್ಲೇ ಕೂರುತ್ತದೆ. ಅದಕ್ಕೆ ಫೇಲ್‌ಸೇಫ್ ಬೇರೆಯೇ ಇರಬೇಕು. ಬ್ಯಾಟರಿ ಇಳಿದರೆ ಅಥವಾ ಸಿಗ್ನಲ್ ಹೋದರೆ ಮೋಟರ್ ನಿಂತು ಟ್ಯಾಂಕ್ ಖಾಲಿಯಾಗುವಂತೆ ಮಾಡಿ.

ಸಿಗ್ನಲ್ ಅಂದ ಕೂಡಲೇ ಮೋಟರಿನ ಕಿಡಿಯ ವಿಷಯ ಬರುತ್ತದೆ. ಈಗಿನ 2.4 ಗಿಗಾಹರ್ಟ್ಜ್ ರಿಮೋಟು ನೀರೊಳಗೆ ಗೇಣುದ್ದ ಹೋಗುವಷ್ಟರಲ್ಲಿ ಸುಸ್ತು. ಅದಕ್ಕೇ ಸಬ್‌ಮರೀನ್‌ನವರು ಹಳೆಯ 27, 40, 75 ಮೆಗಾಹರ್ಟ್ಜ್ ಸೆಟ್‌ಗಳನ್ನು ಬಿಟ್ಟಿಲ್ಲ. ಸಿಹಿನೀರಿನಲ್ಲಿ ಅವು ಕೆಲವು ಮೀಟರ್ ಆಳಕ್ಕೆ ಇಳಿಯುತ್ತವೆ, ಉಪ್ಪುನೀರಿನಲ್ಲಿ ಅವೂ ಇಲ್ಲ. ಆದರೆ ಬ್ರಷ್ ಮೋಟರಿನ ಕಿಡಿಯ ಗದ್ದಲ ಜೋರಾಗಿ ಕೇಳುವುದು ಈ ಹಳೆಯ ಸೆಟ್‌ಗಳಿಗೇ. ಮೋಟರಿಗೆ ಮೂರು 104 (0.1 ಮೈಕ್ರೋಫ್ಯಾರಡ್) ಕೆಪಾಸಿಟರ್ ಬೆಸುಗೆ ಹಾಕಿ. ಮೋಟರಿನ ಎರಡು ಕಾಲಿನ ನಡುವೆ ಒಂದು, ಪ್ರತಿ ಕಾಲಿನಿಂದ ಮೋಟರಿನ ಮೈಗೆ ಒಂದೊಂದು. ಐದು ನಿಮಿಷದ ಕೆಲಸ. ಮಾಡದಿದ್ದರೆ ಥ್ರಾಟಲ್ ಕೊಟ್ಟಾಗೆಲ್ಲ ಚುಕ್ಕಾಣಿ ನಡುಗುತ್ತದೆ.

ಬ್ಯಾಟರಿ ಬಗ್ಗೆ ಒಂದೇ ಎಚ್ಚರಿಕೆ. ಏನೇ ಆದರೂ ಮುಚ್ಚಿದ ಕೊಳವೆಯೊಳಗೆ ಚಾರ್ಜ್ ಮಾಡಬೇಡಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಬ್ರಷ್ ಮೋಟರ್ ಕಿಡಿ ಹಾರಿಸುತ್ತದೆ, ಸುತ್ತ ಗಟ್ಟಿ ಕೊಳವೆ. ಇದನ್ನು ಪಟಾಕಿ ಅಂತಲೇ ಕರೆಯುತ್ತಾರೆ. ಲಿಥಿಯಂ ಸೆಲ್ ಕೆಟ್ಟರೂ ಅದೇ ಗತಿ. ಹೊರಗೆ ತೆಗೆದು ಚಾರ್ಜ್ ಮಾಡಿ, ಅಷ್ಟೇ.

ಸೀಲೇ ಬೇಡ ಅನ್ನುವ ಪಂಥವೂ ಇದೆ. ಬ್ರಷ್‌ಲೆಸ್ ಮೋಟರಿನ ಸುರುಳಿಗೆ ಎನಾಮಲ್ ಲೇಪ ಇರುತ್ತದೆ, ಆದ್ದರಿಂದ ಅದನ್ನು ನೀರಿನಲ್ಲೇ ಓಡಿಸಬಹುದು. ನೀರೊಳಗಿನ ರೊಬೊಟ್ ಮಾಡುವವರು ಹಾಗೆಯೇ ಮಾಡುತ್ತಾರೆ. ಮೋಟರ್ ಹೊರಗೆ, ಒಳಗೆ ಬರುವುದು ಮೂರು ತಂತಿ ಮಾತ್ರ, ಅದನ್ನು ಎಪಾಕ್ಸಿ ಹಾಕಿ ಮುಚ್ಚಿದರೆ ಸೋರಿಕೆಯ ಮಾತೇ ಇಲ್ಲ. ಶಾಖವೂ ನೀರಿಗೇ. ಬೇರಿಂಗ್ ತುಕ್ಕು ಹಿಡಿಯುತ್ತದೆ, ಓಡಿಸಿದ ಮೇಲೆ ತೊಳೆದು ಎಣ್ಣೆ ಬಿಡಬೇಕು. ನಿಧಾನದ ಓಟ ಕೈಕೊಡುವ ಕಾಟ ಇಲ್ಲೂ ಇದೆ. ಟ್ಯಾಂಕ್ ಇಲ್ಲದ, ಜೋರಾಗಿ ಓಡುವ ಮಾದರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಕೊಳವೆಯ ಗೋಡೆಯ ಆಚೆ ಈಚೆ ಅಯಸ್ಕಾಂತ ಇಟ್ಟು ತಿರುಗಿಸುವುದು ಇನ್ನೊಂದು ದಾರಿ. ಜೊಂಡು ಸಿಕ್ಕರೆ ಅಯಸ್ಕಾಂತ ಜಾರುತ್ತದೆ, ಮೋಟರ್ ಸುಡುವುದಿಲ್ಲ. ಇನ್ನು ಪಂಪ್‌ಜೆಟ್, ಅಂದರೆ ಬಳೆಯಂಥ ಕವಚದೊಳಗೆ ತಿರುಗುವ ಪ್ರೊಪೆಲ್ಲರ್. ಬ್ರಿಟನ್ನಿನ ಅಸ್ಟ್ಯೂಟ್, ಅಮೆರಿಕದ ವರ್ಜೀನಿಯಾ ಸಬ್‌ಮರೀನ್‌ಗಳಲ್ಲಿ ಅದು ಇದೆ. ಮಾದರಿಯಲ್ಲಿ ಆ ಹೊರಬಳೆ ತಡೆ ಹೆಚ್ಚಿಸುತ್ತದೆಯೇ ಹೊರತು ಲಾಭ ಕಾಣೆ. ಅಂಥ ಸಬ್‌ಮರೀನ್ ಮಾಡುವವರು ನೋಟಕ್ಕಾಗಿ ಹಾಕಲಿ.

ಎಲ್ಲ ಜೋಡಿಸಿದ ಮೇಲೆ ಕೊಳಕ್ಕೆ ಓಡಬೇಡಿ. ಮನೆಯ ಸಿಮೆಂಟ್ ತೊಟ್ಟಿ ಸಾಕು. ಮೊದಲು ಖಾಲಿ ಕೊಳವೆಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ ಮುಳುಗಿಸಿ, ಶಾಫ್ಟನ್ನು ಕೈಯಿಂದ ತಿರುಗಿಸಿ. ಗುಳ್ಳೆ ಬಂದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಬಾಲಕ್ಕೆ ದಾರ ಕಟ್ಟಿ ಲಗೇಜ್ ತೂಗುವ ತಕ್ಕಡಿಗೆ ಸಿಕ್ಕಿಸಿ ಪೂರ್ತಿ ಥ್ರಾಟಲ್ ಕೊಡಿ. ಓಡುವಾಗ ನಮಗೆ ಬೇಕಾದ್ದು 130 ಗ್ರಾಂ. ಕಟ್ಟಿಹಾಕಿದಾಗ ಪ್ರೊಪೆಲ್ಲರ್ ಜಾಸ್ತಿ ಎಳೆಯುತ್ತದೆ, ಆದ್ದರಿಂದ 200ರಿಂದ 250 ಗ್ರಾಂ ತೋರಿಸಿದರೆ ಗೆದ್ದಿರಿ. 500 ತೋರಿಸಿದರೆ ಖುಷಿಪಡಬೇಡಿ, ಸುಮ್ನೆ ಬ್ಯಾಟರಿ ಸುಡುತ್ತಿದ್ದೀರಿ. ಅದೇ ಹೊತ್ತಿಗೆ ಕರೆಂಟನ್ನೂ ಅಳೆಯಿರಿ. 2 ಆಂಪ್ ಸುತ್ತಮುತ್ತ ಇದ್ದರೆ 3 ಆಂಪಿನ ಫ್ಯೂಸ್ ಹಾಕಿ. ಪಾಚಿ ಸುತ್ತಿ ಪ್ರೊಪೆಲ್ಲರ್ ನಿಂತಾಗ ಮೋಟರಿನ ಬದಲು ಫ್ಯೂಸ್ ಹೋಗಲಿ.

ಮಾತಿನ ನಡುವೆ ಒಬ್ಬರು ಕೇಳಿದರು, ವಿಶಾಖಪಟ್ಟಣದ ಕಡಲತೀರದಲ್ಲಿ ಮ್ಯೂಸಿಯಂ ಆಗಿರುವ ಕುರ್ಸುರ ಮಾಡುವುದಾದರೆ ಏನು ಮಾಡುವುದು, ಅದಕ್ಕೆ ಮೂರು ಪ್ರೊಪೆಲ್ಲರ್ ಇದೆಯಲ್ಲ ಅಂತ. ಒಳ್ಳೆಯ ಪ್ರಶ್ನೆ. ಅದು ಸೋವಿಯತ್ ಫಾಕ್ಸ್‌ಟ್ರಾಟ್ ಮಾದರಿ, 1969ರಲ್ಲಿ ನಮ್ಮ ನೌಕಾಪಡೆಗೆ ಬಂದದ್ದು, 91.3 ಮೀಟರ್ ಉದ್ದ. ನಿಜವಾದದ್ದರಲ್ಲಿ ಮೂರು ಶಾಫ್ಟಿಗೂ ಮೂರು ಎಂಜಿನ್, ಮೂರು ಮೋಟರ್. ನೀವು ಮೂರಕ್ಕೂ ಮೋಟರ್ ಹಾಕಿದರೆ ಮೂರು ಜೊತೆ ಸೀಲ್ ಕಾಯಬೇಕು. ನಡುವಿನದ್ದನ್ನು ಮಾತ್ರ ಓಡಿಸಿದರೆ ವಾಲುವ ಕಾಟ ಮತ್ತೆ ಬರುತ್ತದೆ. ನಾನಾದರೆ ಪಕ್ಕದ ಎರಡನ್ನು ಓಡಿಸುತ್ತೇನೆ, ಒಂದು ಬಲಕ್ಕೆ, ಒಂದು ಎಡಕ್ಕೆ. ವಾಲುವುದು ಪರಸ್ಪರ ಕಳೆದುಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಕಂಟ್ರೋಲರ್ ಕೊಟ್ಟರೆ ಒಂದು ಮುಂದೆ, ಒಂದು ಹಿಂದೆ ಮಾಡಿ ನಿಂತಲ್ಲೇ ತಿರುಗಿಸಬಹುದು. ನಡುವಿನ ಪ್ರೊಪೆಲ್ಲರನ್ನು ಹೊರಗಿನ ಒಡಲಿನಲ್ಲೇ ಒಂದು ಹಿತ್ತಾಳೆ ಬುಷ್‌ನಲ್ಲಿ ಸಡಿಲವಾಗಿ ಕೂರಿಸಿ, ಒಳಗಿನ ಕೊಳವೆಗೆ ತರುವುದೇ ಬೇಡ. ಮಾದರಿ ಓಡುವಾಗ ನೀರಿಗೆ ಅದು ತಾನೇ ತಿರುಗುತ್ತದೆ, ನೋಡುವವರಿಗೆ ಮೂರೂ ಓಡುತ್ತಿರುವಂತೆಯೇ ಕಾಣುತ್ತದೆ.